ಕಾವಿಗೆ ಮೊಟ್ಟೆ ಕೊಳ್ಳುವವರೇ, ಟಾರ್ಚ್ ವಿಡಿಯೊ ನಂಬಿ ದುಡ್ಡು ಕಳಿಸಬೇಡಿ

ಮರಿ ಮಾಡಿಸಲು ಮೊಟ್ಟೆ ತರಿಸುವವರು ಫೋನ್‌ಪೇ ಒತ್ತುವ ಮುಂಚೆ ಇದನ್ನು ಓದಿ. ಒಡೆಯದ ತಾಜಾ ಮೊಟ್ಟೆಯನ್ನು ಹೊರಗಿನಿಂದ ನೋಡಿ, ಅದು ಹುಂಜ ಸೇರಿದ ಮೊಟ್ಟೆಯೋ ಗೊಡ್ಡು ಮೊಟ್ಟೆಯೋ ಅಂತ ಯಾರೂ ಹೇಳಲಾರರು. ಹೇಳುತ್ತೇನೆ ಅನ್ನುವವನಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ನಿಮಗೆ ಟೋಪಿ ಹಾಕುತ್ತಿದ್ದಾನೆ. ನನಗೆ ಸಿಕ್ಕವನು ಎರಡನೇ ಜಾತಿ.

ವಾಟ್ಸಾಪ್ ಗುಂಪಿನಲ್ಲಿ ಕಡಕ್‌ನಾಥ್ ಅನ್ನುವ ಕರಿ ಕೋಳಿಯ ಮೊಟ್ಟೆ, ಒಂದಕ್ಕೆ ನಲವತ್ತು ರೂಪಾಯಿ ಅಂತ ಹಾಕಿದ್ದ. ‘ಮರಿ ಆಗುತ್ತಾ ಅಣ್ಣಾ?’ ಅಂತ ಕೇಳಿದ್ದಕ್ಕೆ ಎರಡು ವಿಡಿಯೊ ಬಂದವು. ಒಂದರಲ್ಲಿ ಸ್ಟೀಲ್ ಚೊಂಬಿನ ನೀರಿಗೆ ಬಿಟ್ಟ ಮೊಟ್ಟೆ ಸೀದಾ ತಳಕ್ಕೆ ಹೋಗಿ ಮಲಗುತ್ತದೆ. ಇನ್ನೊಂದರಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಇಟ್ಟು, ಒಳಗೆ ಓಲಾಡುವ ಮಬ್ಬು ನೆರಳಿಗೆ ಬೆರಳು ತೋರಿಸಿ ‘ಇದೇ ನೋಡಿ ಸಾರ್ ಬೀಜ, ನೂರಕ್ಕೆ ತೊಂಬತ್ತು ಗ್ಯಾರಂಟಿ’ ಅನ್ನುತ್ತಾನೆ.

ನೀರಲ್ಲಿ ಮುಳುಗಿದ್ದರಿಂದ ಗೊತ್ತಾಗುವುದು ಮೊಟ್ಟೆ ಹೊಸದು ಅಂತ ಮಾತ್ರ. ದಿನ ಕಳೆದಂತೆ ತೇವ ಆರಿ, ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ, ಹಳೇ ಮೊಟ್ಟೆ ತೇಲುತ್ತದೆ, ಅಷ್ಟೆ. ಅಂಗಡಿಯ ಫಾರಂ ಮೊಟ್ಟೆಯೂ ಹೊಸದಾಗಿದ್ದರೆ ಮುಳುಗುತ್ತದೆ. ಆ ಕೋಳಿಗಳು ಹುಂಜದ ಮುಖವನ್ನೇ ನೋಡಿರುವುದಿಲ್ಲ. ಇನ್ನು ಟಾರ್ಚಿನಲ್ಲಿ ಓಲಾಡಿದ್ದು ಹಳದಿ ಭಂಡಾರದ ನೆರಳು. ಅದು ಎಲ್ಲ ಮೊಟ್ಟೆಯಲ್ಲೂ ಇರುತ್ತದೆ.

ಕಡಕ್‌ನಾಥ್ ಹೆಸರಲ್ಲಿ ಮೋಸ ಇನ್ನೂ ಸಲೀಸು. ಮಧ್ಯಪ್ರದೇಶದ ಝಾಬುವಾದ ಆ ಕೋಳಿ ಮಾಂಸಕ್ಕೆ 2018ರಲ್ಲಿ ಜಿಐ ಪಟ್ಟ, ಅಂದರೆ ಆ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಹೆಸರು ಊರೂರಿಗೂ ಹಬ್ಬಿತು. ಕೋಳಿ ಕಪ್ಪು, ಮಾಂಸ ಕಪ್ಪು, ಆದರೆ ಮೊಟ್ಟೆ ಕಪ್ಪಲ್ಲ. ಕೆನೆ ಬಣ್ಣ ಅಥವಾ ತಿಳಿ ಕಂದು. ನಮ್ಮ ನಾಟಿ ಕೋಳಿ ಮೊಟ್ಟೆಯ ಪಕ್ಕ ಇಟ್ಟರೆ ಯಾವುದು ಯಾವುದೋ.

ಕಾವು ಕೊಡುವ ಮಷೀನಿಗೆ (ಇನ್ಕ್ಯುಬೇಟರ್) ಅವನ ಮೊಟ್ಟೆಗಳ ಜೊತೆ ನಮ್ಮ ಮನೆಯ ಹೇಂಟೆಗಳದ್ದೂ ಕೆಲವನ್ನು ಪೆನ್ಸಿಲ್ ಗುರುತು ಹಾಕಿ ಇಟ್ಟಿದ್ದೆ. ಇದನ್ನು ನೀವೂ ತಪ್ಪದೆ ಮಾಡಿ, ಮುಂದೆ ಜಗಳಕ್ಕೆ ಬೇಕಾಗುತ್ತದೆ. ಏಳನೇ ದಿನ ರಾತ್ರಿ ಬಚ್ಚಲಮನೆಯ ದೀಪ ಆರಿಸಿ ಒಂದೊಂದನ್ನೇ ಟಾರ್ಚಿಗೆ ಹಿಡಿದೆವು. ಮನೆಯವುಗಳಲ್ಲಿ ಕಪ್ಪು ಚುಕ್ಕೆಯೊಂದು, ಅದರ ಸುತ್ತ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳು. ಅಲ್ಲಾಡಿಸದೆ ನೋಡಿದರೆ ಚುಕ್ಕೆ ಮಿಸುಕುತ್ತದೆ. ಅವನು ಕಳಿಸಿದವುಗಳಲ್ಲಿ ಎರಡು ಬಿಟ್ಟರೆ ಮಿಕ್ಕೆಲ್ಲ ಖಾಲಿ, ಇಟ್ಟ ದಿನ ಹೇಗಿದ್ದವೋ ಹಾಗೇ. ಆ ಎರಡರಲ್ಲಿ ಕೆಂಪು ಉಂಗುರ ಕಂಡಿತು. ಬೆಳೆಯಲು ಶುರುವಾಗಿ ಸತ್ತ ಗುರುತು ಅದು.

ಫೋನ್ ಮಾಡಿದರೆ ‘ನಿಮ್ಮ ಮಷೀನ್ ಸರಿ ಇಲ್ಲ ಸಾರ್, ಟೆಂಪರೇಚರ್ ನೋಡಿಕೊಳ್ಳಿ’ ಅಂದ. ಮೊಟ್ಟೆ ಮಾರುವವರ ಮಾಮೂಲಿ ಉತ್ತರ ಇದು. ಒಳಗೆ ಫ್ಯಾನ್ ಇರುವ ಮಷೀನಿಗೆ 37.5 ಡಿಗ್ರಿ ಬೇಕು, ನನ್ನದು ಅಷ್ಟಕ್ಕೇ ನಿಂತಿತ್ತು. ಅದೇ ತಟ್ಟೆಯಲ್ಲಿ ನಮ್ಮ ಮೊಟ್ಟೆ ನರ ಬಿಟ್ಟಿದೆಯಲ್ಲ ಅಂದೆ. ಮಾತು ಬದಲಾಯಿತು: ‘ಹುಂಜ ಮಾರಿ ಒಂದು ತಿಂಗಳಾಯ್ತು, ಆದ್ರೂ ಕೋಳಿ ಹೊಟ್ಟೇಲಿ ಬೀಜ ಇರುತ್ತಲ್ಲ.’ ಅರ್ಧ ಸತ್ಯ, ಅದಕ್ಕೇ ಅಪಾಯ. ಹೇಂಟೆಯ ಅಂಡನಾಳದಲ್ಲಿ ವೀರ್ಯ ಉಳಿಯುವುದು ನಿಜ. ಹುಂಜ ತೆಗೆದ ಮೇಲೂ ಎರಡು ವಾರ, ಹೆಚ್ಚೆಂದರೆ ಮೂರು ವಾರ ಮರಿಯಾಗುವ ಮೊಟ್ಟೆ ಸಿಗಬಹುದು. ವಾರ ಉರುಳಿದಂತೆ ಅದೂ ಇಳಿಯುತ್ತದೆ. ತಿಂಗಳಾದ ಮೇಲೆ ಬಹುಪಾಲು ಗೊಡ್ಡೇ. ಹುಂಜ ಇದ್ದರೂ ಒಂದಕ್ಕೆ ಎಂಟು ಹತ್ತು ಹೇಂಟೆ ಸಾಕು. ಮೂವತ್ತು ಹೇಂಟೆಗೆ ಒಂದು ಹುಂಜ ಬಿಟ್ಟು ‘ಹುಂಜ ಇದೆ’ ಅಂತ ಫೋಟೊ ಕಳಿಸುವವರೂ ಇದ್ದಾರೆ.

ಹಾಗಾದರೆ ತಿಳಿಯುವುದು ಹೇಗೆ? ಒಡೆಯಬೇಕು. ಬಂದ ಮೊಟ್ಟೆಗಳಲ್ಲಿ ಎರಡು ಮೂರನ್ನು ಬಿಳಿ ತಟ್ಟೆಗೆ ಮೆಲ್ಲಗೆ ಒಡೆದು, ಹಳದಿಯ ಮೇಲಿನ ಬಿಳಿ ಚುಕ್ಕೆ ಹುಡುಕಿ. ಅದು ಅಡಿಗೆ ಹೋಗಿದ್ದರೆ ಹಳದಿಯನ್ನು ಚಮಚದಲ್ಲಿ ಹೊರಳಿಸಿ. ಗೊಡ್ಡು ಮೊಟ್ಟೆಯದು ಎರಡು ಮೂರು ಮಿಲಿಮೀಟರಿನ ಪುಟ್ಟ ಗಟ್ಟಿ ಚುಕ್ಕೆ, ಅಂಚು ಅಂಕುಡೊಂಕು. ಫಲ ಕಟ್ಟಿದ್ದರೆ ನಾಲ್ಕೈದು ಮಿಲಿಮೀಟರ್ ಅಗಲ, ದುಂಡಗೆ. ನಡುವೆ ತಿಳಿ, ಸುತ್ತ ಬಿಳಿ ಬಳೆ. ಒಮ್ಮೆ ಎರಡನ್ನೂ ಅಕ್ಕಪಕ್ಕ ನೋಡಿದರೆ ಆಮೇಲೆ ಕಣ್ಣು ಮರೆಯುವುದಿಲ್ಲ. ಹಳದಿಗೆ ಅಂಟಿದ ಬಿಳಿ ಹುರಿ ಮರಿಯಲ್ಲ, ಹಳದಿಯನ್ನು ನಡುವೆ ಹಿಡಿದಿಡುವ ದಾರ ಅದು. ರಕ್ತದ ಚುಕ್ಕೆಯೂ ಫಲದ ಗುರುತಲ್ಲ. ಮೊಟ್ಟೆ ಕಟ್ಟುವಾಗ ಕೋಳಿಯ ಒಳಗೆ ಸಣ್ಣ ನರ ಒಡೆದರೆ ಹಾಗಾಗುತ್ತದೆ. ನಮ್ಮತ್ತೆ ‘ಅಯ್ಯೋ ಮರಿ!’ ಅಂತ ಚೆಲ್ಲಿದ ಮೊಟ್ಟೆಗಳಿಗೆ ಲೆಕ್ಕವಿಲ್ಲ.

ಅವನ ಖಾಲಿ ಮೊಟ್ಟೆಗಳನ್ನೂ ಒಡೆದು ನೋಡಿದೆ. ಅದೇ ಪುಟ್ಟ ಗಟ್ಟಿ ಚುಕ್ಕೆ. ಫೋಟೊ ಕಳಿಸಿದೆ, ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಸಂಜೆಗೆ ನಂಬರ್ ಬ್ಲಾಕ್.

ಕೆಂಪು ಉಂಗುರದ ಎರಡರ ತಪ್ಪನ್ನು ಪೂರ್ತಿ ಅವನ ತಲೆಗೆ ಕಟ್ಟುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಂದವು ಅವು. ಇಪ್ಪತ್ತೇಳು ಡಿಗ್ರಿ ದಾಟಿದರೆ ಒಳಗೆ ಅರೆಬರೆ ಬೆಳೆಯಲು ಶುರುವಾಗಿ ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟು ಮಾರುವವರದು ಇದರ ತದ್ವಿರುದ್ಧ ಕಥೆ, ಅಲ್ಲಿ ಚಳಿಗೆ ಕೆಡುತ್ತದೆ. ಕೋಳಿ ಇಟ್ಟು ವಾರದೊಳಗಿನ, ತೊಳೆಯದ ಮೊಟ್ಟೆಯನ್ನೇ ಕೇಳಿ. ಬೇಸಿಗೆಯಲ್ಲಿ ಪಾರ್ಸೆಲ್ ಬೇಡವೇ ಬೇಡ.

ಈಗ ನಾನು ಯಾರಿಂದ ಕೊಂಡರೂ ಎರಡು ಮಾತು ಮೊದಲೇ ಬರೆಸಿಕೊಳ್ಳುತ್ತೇನೆ: ಅವರ ಎದುರೇ ಎರಡು ಮೊಟ್ಟೆ ಒಡೆಯುತ್ತೇನೆ, ದುಡ್ಡು ನನ್ನದೇ; ಅರ್ಧ ಹಣ ಏಳನೇ ದಿನದ ಟಾರ್ಚ್ ಆದ ಮೇಲೆ. ಹೆಚ್ಚಿನವರು ಅಲ್ಲೇ ಫೋನ್ ಇಡುತ್ತಾರೆ. ತಲೆನೋವೇ ಬೇಡ ಅನ್ನುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ, ಸ್ವರ್ಣಧಾರ ತಳಿಯ ಮರಿ ಯಾವಾಗ ಸಿಗುತ್ತದೆ ಅಂತ ವಿಚಾರಿಸಿ. ಮರಿ ಕಣ್ಣೆದುರೇ ಇರುತ್ತದೆ, ಟಾರ್ಚ್ ಬೇಕಿಲ್ಲ.

ಅಂದಹಾಗೆ, ಬ್ಲಾಕ್ ಮಾಡುವ ಮುಂಚೆ ಆ ಮಹಾನುಭಾವ ‘ಮರಿ ಆಗದಿದ್ರೆ ಆಮ್ಲೆಟ್ ಹಾಕ್ಕೊಳ್ಳಿ ಸಾರ್’ ಅಂದಿದ್ದ. ಬೇಡ. ವಾರವಿಡೀ 37 ಡಿಗ್ರಿ ಕಾವಿನಲ್ಲಿ ಕೂತ ಮೊಟ್ಟೆ ಅಡುಗೆಗಲ್ಲ, ನೋಡಲು ಎಷ್ಟೇ ಚೆನ್ನಾಗಿರಲಿ. ತೆಂಗಿನ ಬುಡಕ್ಕೆ ಹೂಳಿ, ನಾಯಿ ಕೆದಕದಷ್ಟು ಆಳಕ್ಕೆ.