ಪಿಕಪ್‌ನ ಲೋಯರ್ ಆರ್ಮ್: ಕಂಪನಿಯದ್ದು, ಹೊರಗಿನದ್ದು, ಗುಜರಿಯದ್ದು, ಬುಷ್ ಒತ್ತಿಸಿದ್ದು

ನಮ್ಮ ಮನೆಯ ಪಿಕಪ್ ಇಸುಜು ಡಿ-ಮ್ಯಾಕ್ಸ್ ಎಸ್-ಕ್ಯಾಬ್. 2017ರಲ್ಲಿ ತಗೊಂಡದ್ದು. ಸಕಲೇಶಪುರದ ಕಡೆ ತೋಟ ಇದ್ದವರಿಗೆ ಗೊತ್ತು, ಟಾರು ರಸ್ತೆ ಮುಗಿದ ಮೇಲೂ ಮನೆಗೆ ಎರಡು ಕಿಲೋಮೀಟರ್ ಇರುತ್ತೆ. ಗಾಡಿಯ ಆಯಸ್ಸು ಕರಗುವುದು ಆ ಎರಡು ಕಿಲೋಮೀಟರ್‌ನಲ್ಲೇ. ಗೊಬ್ಬರದ ಮೂಟೆ ಒಳಗೆ ಹೋಗಬೇಕು, ಕಾಫಿ ಮೂಟೆ ಹೊರಗೆ ಬರಬೇಕು. ಮಳೆಗಾಲದಲ್ಲಂತೂ ಅರ್ಧ ಚಕ್ರ ಕೆಸರಲ್ಲೇ. ಹಾಗಾಗಿ ಮುಂದಿನ ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳಿನ, ಅಂದರೆ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಹೋಯಿತು ಅಂತ ನಾನು ಗಾಡಿಯನ್ನು ಬೈಯುವುದಿಲ್ಲ. 92,000 ಕಿಲೋಮೀಟರ್ ಬಾಳಿತ್ತು. ನಮ್ಮ ರಸ್ತೆಗೆ ಅದೇ ಜಾಸ್ತಿ.

2021ರಿಂದ ಈಚೆಗೆ ಇದೇ ಕೆಲಸವನ್ನು ನಾಲ್ಕು ಥರ ಮಾಡಿಸಿ ನೋಡಿದ್ದೇನೆ. ಬೇಕಂತ ಅಲ್ಲ, ಒಂದು ಕೈಕೊಟ್ಟಿದ್ದಕ್ಕೆ ಇನ್ನೊಂದು. ಬೆಲೆ ವರ್ಷವರ್ಷವೂ ಏರುತ್ತೆ, ಅದಕ್ಕೆ ರೂಪಾಯಿ ಲೆಕ್ಕ ಬೇಡ. ಕಂಪನಿ ಆರ್ಮ್‌ಗೆ ನಾನು ಕೊಟ್ಟದ್ದನ್ನು 100 ಅಂತ ಇಟ್ಟುಕೊಳ್ಳಿ. ಹೊರಗಿನ ಹೊಸ ಆರ್ಮ್ ನನಗೆ 45ಕ್ಕೆ ಸಿಕ್ಕಿತು. ಗುಜರಿಯದ್ದು 30. ಹಳೇ ಆರ್ಮ್‌ಗೇ ಕಂಪನಿ ಬುಷ್ ಒತ್ತಿಸಿದ್ದು, ಲೇತ್‌ನವರ ಕೂಲಿಯೂ ಸೇರಿ, 28. ಬಿಚ್ಚಿ ಹಾಕುವ ಕೂಲಿ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ.

ಈ ಗಾಡಿಯ ಮುಂದೆ ಇರುವುದು ಡಬಲ್ ವಿಶ್‌ಬೋನ್. ಮೇಲೊಂದು ಆರ್ಮ್, ಕೆಳಗೊಂದು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಒಟ್ಟಿಗೆ ಸೇರಿ ಕೆಳಗಿನ ಆರ್ಮ್ ಮೇಲೆ ಕೂತಿರುತ್ತವೆ. ಅಂದರೆ ಮುಂದಿನ ಭಾರ ಹೊರುವುದು ಲೋಯರ್ ಆರ್ಮ್. ಅದರ ಒಂದು ತುದಿಯಲ್ಲಿ ಚಾಸಿಗೆ ಸೇರುವ ಎರಡು ರಬ್ಬರ್ ಬುಷ್, ಇನ್ನೊಂದು ತುದಿಯಲ್ಲಿ ಚಕ್ರದ ಕಡೆಗೆ ಬಾಲ್ ಜಾಯಿಂಟ್. ಬುಷ್ ಹೋದರೆ ಗುಂಡಿಗೆ ಇಳಿದಾಗ ಟಕ್ ಅನ್ನುತ್ತೆ, ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರಿನ ಒಳ ಅಂಚು ಬೋಳಾಗುತ್ತೆ. ನನಗೆ ಮೂರೂ ಇತ್ತು. ಬಾಲ್ ಜಾಯಿಂಟ್ ಹೋದರೆ ಇಷ್ಟೆಲ್ಲ ಸೂಚನೆ ಕೊಡುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಅದು ಕಳಚಿಕೊಂಡರೆ ಚಕ್ರವೇ ಮಡಚಿ ಮಲಗುತ್ತೆ. ಶಿರಾಡಿ ಘಾಟಿಯಲ್ಲಿ ಹಾಗಾಗುವುದು ಯಾರಿಗೂ ಬೇಡ.

ಮೊದಲು ಹಾಕಿಸಿದ್ದು ಹೊರಗಿನ ಕಂಪನಿಯ ಹೊಸ ಆರ್ಮ್, ಎಡಗಡೆಗೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು. ಬುಷ್, ಬಾಲ್ ಜಾಯಿಂಟ್ ಎಲ್ಲ ಸೇರಿಯೇ ಬರುತ್ತೆ, ಒಂದನ್ನು ಬಿಚ್ಚು, ಇನ್ನೊಂದನ್ನು ಹಾಕು, ಅಷ್ಟೇ. ಹಾಗಂತ ಅಂದುಕೊಂಡಿದ್ದೆ. ಬಿಚ್ಚುವುದಕ್ಕೇ ಅರ್ಧ ದಿನ ಹೋಯಿತು. ಆರ್ಮನ್ನು ಚಾಸಿಗೆ ಹಿಡಿದಿಡುವ ಬೋಲ್ಟ್‌ಗಳಲ್ಲೇ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲುವ ಕೋನ) ಹೊಂದಿಸುವ, ತೂತು ನಡುವಿನಲ್ಲಿಲ್ಲದ ಓರೆ ವಾಷರ್ ಇರುತ್ತೆ. ಆ ಬೋಲ್ಟ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯೊಂದಿಗೆ ತುಕ್ಕು ಹಿಡಿದು ಒಂದೇ ತುಂಡಾಗಿಬಿಟ್ಟಿತ್ತು. ನಟ್ಟು ಬಂತು, ಬೋಲ್ಟ್ ಬರಲಿಲ್ಲ. ಪಾನಾ ಹಾಕಿ ತಿರುಗಿಸಿದರೆ ಬೋಲ್ಟ್ ಜೊತೆ ಕೊಳವೆಯೂ ತಿರುಗಿ ರಬ್ಬರ್ ಕಿರ್ ಅನ್ನುತ್ತಿತ್ತು. ಡೀಸೆಲ್ ಬಿಟ್ಟರು, ಸುತ್ತಿಗೆ ಹಾಕಿದರು, ಗ್ಯಾಸಲ್ಲಿ ಕಾಯಿಸಿದರು. ಕೊನೆಗೆ ಗ್ರೈಂಡರ್ ಹಿಡಿದು ಬುಷ್‌ನ ಎರಡೂ ಬದಿಯಲ್ಲಿ ಕೊಯ್ದು ಆರ್ಮನ್ನು ಕೆಳಗಿಳಿಸಿದರು. ಸುಟ್ಟ ರಬ್ಬರಿನ ವಾಸನೆ ನನ್ನ ಅಂಗಿಯಿಂದ ಎರಡು ಒಗೆತಕ್ಕೂ ಹೋಗಲಿಲ್ಲ. ಹಾಗಾಗಿ ಯಾವ ಆರ್ಮ್ ಹಾಕಿಸಿದರೂ ಎರಡು ಹೊಸ ಕ್ಯಾಂಬರ್ ಬೋಲ್ಟ್ ಮೊದಲೇ ತಂದಿಟ್ಟುಕೊಳ್ಳಿ. ಹಾಕುವಾಗ ಕೊಳವೆಯೊಳಗೆ ಹಾದುಹೋಗುವ ಭಾಗಕ್ಕೆ ಗ್ರೀಸ್ ಬಳಿಸಿ. ಮೇಲಿನ 45ರ ಲೆಕ್ಕದಲ್ಲಿ ಈ ಬೋಲ್ಟ್ ಸೇರಿಲ್ಲ.

ಆ ಆರ್ಮ್ ಎಂಟು ತಿಂಗಳು ಬಂತು. ಹನ್ನೊಂದು ಸಾವಿರ ಕಿಲೋಮೀಟರ್ ಅಷ್ಟೇ. ಹಿಂದಿನ ಬುಷ್‌ನ ರಬ್ಬರ್ ಸುತ್ತಲೂ ಹರಿದು, ಒಳಗಿನ ಕೊಳವೆ ಬಾಯಲ್ಲಿ ಅಲ್ಲಾಡುವ ಹಲ್ಲಿನ ಥರ ಆಡುತ್ತಿತ್ತು. ಡುಪ್ಲಿಕೇಟ್ ಮಾಲು ಅಂತ ಬಾಯಿಗೆ ಬಂದದ್ದೆಲ್ಲ ಬೈದೆ. ಆ ಬೈಗುಳದಲ್ಲಿ ಅರ್ಧ ವಾಪಸ್ ತಗೋಬೇಕಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೊರಗಿನ ಹೊಸದೇ ಹೀಗಾದರೆ, ಹಳೆಯದಾದರೂ ಕಂಪನಿಯದ್ದೇ ಇರಲಿ ಅಂತ ಎರಡನೇ ಸಲ ಶಿವಾಜಿನಗರದ ಗುಜರಿಗೆ ಹೋದೆ. ಬುಷ್ ಚೆನ್ನಾಗಿತ್ತು, ಬಾಲ್ ಜಾಯಿಂಟ್ ಬಿಗಿಯಾಗಿತ್ತು, ಕಬ್ಬಿಣದ ಮೇಲೆ ಕಂಪನಿ ಬಣ್ಣವೂ ಉಳಿದಿತ್ತು. ಹಾಕಿಸಿ ಹಾಸನಕ್ಕೆ ಅಲೈನ್‌ಮೆಂಟ್‌ಗೆ ಹೋದರೆ ಆ ಹುಡುಗ ಓರೆ ವಾಷರನ್ನು ಕೊನೇ ಗೆರೆಯವರೆಗೂ ತಿರುಗಿಸಿದ. ಆದರೂ ಕ್ಯಾಂಬರ್ ಅಳತೆಗೆ ಬರಲಿಲ್ಲ. "ಆರ್ಮ್ ಬೆಂಡ್ ಇದೆ ಸಾರ್" ಅಂದ. ಮನೆಗೆ ತಂದು ಬಿಚ್ಚಿಸಿ, ನನ್ನ ಹಳೇ ಆರ್ಮ್ ಪಕ್ಕ ನೆಲದ ಮೇಲಿಟ್ಟು ದಾರ ಹಿಡಿದು ಅಳೆದೆ. ಬುಷ್‌ನಿಂದ ಬಾಲ್ ಜಾಯಿಂಟ್‌ಗೆ ಆರು ಮಿಲಿಮೀಟರ್ ವ್ಯತ್ಯಾಸ. ಬರೀ ಕಣ್ಣಿಗೆ ಎರಡೂ ಅವಳಿ ಮಕ್ಕಳು. ಯೋಚಿಸಿ, ಗುಜರಿಗೆ ಗಾಡಿ ಯಾಕೆ ಬರುತ್ತೆ? ಬಹಳಷ್ಟು ಸಲ ಎಲ್ಲೋ ಗುದ್ದಿರುತ್ತೆ. ಡೋರು, ಸೀಟು, ಡಿಕ್ಕಿ ಬಾಗಿಲು ಗುಜರಿಯಲ್ಲಿ ತಗೊಳ್ಳಿ, ನಾನೂ ತಗೊಳ್ತೇನೆ. ಆರ್ಮ್ ಬೇಡ. ಕಾಯಿಸಿ ನೆಟ್ಟಗೆ ಮಾಡಿಕೊಡ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ಕಾಯಿಸಿದ ಕಬ್ಬಿಣ ಮೊದಲಿನಷ್ಟು ಗಟ್ಟಿ ಇರುತ್ತೆ ಅಂತ ಯಾರೂ ಬರೆದುಕೊಡುವುದಿಲ್ಲ. ಆ ಗುಜರಿ ಆರ್ಮ್ ಈಗ ನಮ್ಮ ಕಣದಲ್ಲಿದೆ. ಮೆಣಸು ಒಣಗಿಸುವಾಗ ಟಾರ್ಪಾಲಿನ್ ಹಾರದ ಹಾಗೆ ಭಾರಕ್ಕೆ ಇಡುತ್ತೇವೆ.

ಮೂರನೆಯದು ಕಂಪನಿಯದ್ದೇ, ಸರ್ವಿಸ್ ಸೆಂಟರಿನಲ್ಲೇ ಹಾಕಿಸಿದ್ದು. 2022ರ ಮೇ ತಿಂಗಳು. ಪಾರ್ಟ್ ಬರಲು ಒಂಬತ್ತು ದಿನ ಕಾಯಿಸಿದರು, ಬಿಲ್ ನೋಡಿ ಎದೆ ಧಸಕ್ ಅಂತು. ಆದರೆ ಅವತ್ತು ಹೊರಗೆ ಬೆಂಚಲ್ಲಿ ಕೂರುವ ಬದಲು ಒಳಗೆ ನಿಂತು ನೋಡಿದೆ. ಅದೇ ಲಾಭವಾಯಿತು. ಆರ್ಮ್ ಕೂರಿಸಿ, ಬೋಲ್ಟ್‌ಗಳನ್ನು ಕೈಬಿಗಿಗೆ ನಿಲ್ಲಿಸಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿದರು. ಮುಂದಿನ ಬಾನೆಟ್ ಹಿಡಿದು ನಾಲ್ಕು ಸಲ ಒತ್ತಿ ಕುಣಿಸಿದರು. ಆಮೇಲೆ ಆ ಹುಡುಗ ಟಾರ್ಕ್ ರೆಂಚ್ ಹಿಡಿದು ಕೆಳಗೆ ನುಸುಳಿದ.

"ಮೇಲೆ ಇದ್ದಾಗಲೇ ಟೈಟ್ ಮಾಡಬಹುದಿತ್ತಲ್ಲಪ್ಪ, ಯಾಕೆ ಮಣ್ಣಲ್ಲಿ ಮಲಗ್ತೀಯ?" ಅಂದೆ.

"ಅಯ್ಯೋ, ಮೇಲೆ ಟೈಟ್ ಮಾಡಿದ್ರೆ ಬುಷ್ ಹರಿದುಹೋಗುತ್ತೆ ಸಾರ್" ಅಂದ, ಇದೇನು ಕೇಳ್ತಾರೆ ಅನ್ನುವ ಹಾಗೆ.

ಆಗ ತಲೆಗೆ ಹೊಳೆಯಿತು. ಈ ಬುಷ್ ಬೇರಿಂಗ್ ಥರ ತಿರುಗುವುದಿಲ್ಲ. ಹೊರಗಿನ ಕೊಳವೆ ಆರ್ಮ್‌ಗೆ ಗಟ್ಟಿ, ಒಳಗಿನ ಕೊಳವೆ ಬೋಲ್ಟ್ ಬಿಗಿದ ಮೇಲೆ ಚಾಸಿಗೆ ಗಟ್ಟಿ. ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿದೆ. ಚಕ್ರ ಮೇಲೆ ಕೆಳಗೆ ಹೋದಾಗ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬಿಗಿದರೆ ರಬ್ಬರ್ ಆ ಜೋತುಬಿದ್ದ ಜಾಗವನ್ನೇ ತನ್ನ ಮನೆ ಅಂದುಕೊಳ್ಳುತ್ತೆ. ನೆಲಕ್ಕೆ ಇಳಿಸಿದ ಕ್ಷಣದಿಂದ, ಸುಮ್ನೆ ನಿಂತಿದ್ದರೂ ಅದು ತಿರುಚಿಕೊಂಡೇ ಇರುತ್ತೆ. ಅದರ ಮೇಲೆ ನಮ್ಮ ತೋಟದ ಗುಂಡಿ. ಹರಿಯದೆ ಇನ್ನೇನು?

ಮೊದಲನೇ ಸಲ ನಮ್ಮೂರ ಗ್ಯಾರೇಜಲ್ಲಿ ಬಿಗಿದದ್ದು ಗಾಡಿ ಮೇಲಿದ್ದಾಗಲೇ. ಉದ್ದನೆಯ ಪೈಪ್ ಹಾಕಿ, ಕಾಲು ಕೊಟ್ಟು ಬಿಗಿದಿದ್ದರು, ನಾನೇ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದೆ. ಆಮೇಲೆ ಅಲೈನ್‌ಮೆಂಟಿನವನು ಗಾಡಿ ಚಕ್ರದ ಮೇಲೆ ನಿಂತಿರುವಾಗ ಕ್ಯಾಂಬರ್ ಬೋಲ್ಟ್ ಸಡಿಲಿಸಿ ಬಿಗಿದಿದ್ದರೂ ರಬ್ಬರ್ ಬಚಾವಾಗುತ್ತಿತ್ತು. ಅವನು ಟೋ (ಎರಡು ಚಕ್ರ ಮುಂದಕ್ಕೆ ಒಳಮುಖವೋ ಹೊರಮುಖವೋ ಅನ್ನುವ ಅಳತೆ) ಮಾತ್ರ ಸರಿಮಾಡಿ ಕಳಿಸಿದ್ದ. ಅಂದಮೇಲೆ ಎಂಟು ತಿಂಗಳಲ್ಲಿ ಹೋದದ್ದು ಮಾಲಿನ ತಪ್ಪೋ, ಬಿಗಿದವರ ತಪ್ಪೋ? ನನ್ನ ಹೋಲಿಕೆಯೇ ಹಳ್ಳ ಹಿಡಿಯಿತು.

ಕಂಪನಿ ಆರ್ಮ್ ಇವತ್ತಿಗೂ ಹಾಗೇ ಇದೆ. 48,000 ಕಿಲೋಮೀಟರ್ ಆಯಿತು, ಟಕ್ ಇಲ್ಲ, ಎಳೆತ ಇಲ್ಲ. ಹೆಚ್ಚು ಹೇಳಲು ಏನೂ ಇಲ್ಲ, ಅದೇ ಅದರ ಗುಣ.

ಅದೇ ವರ್ಷ ನವೆಂಬರ್‌ನಲ್ಲಿ ಬಲಗಡೆಯದ್ದು ಶುರುವಾಯಿತು. ಈ ಸಲ ಆರ್ಮ್ ಬದಲಿಸಲಿಲ್ಲ. ಅದು ಎಲ್ಲೂ ಗುದ್ದಿಸಿಕೊಂಡಿರಲಿಲ್ಲ, ನೆಟ್ಟಗಿತ್ತು, ಬಾಲ್ ಜಾಯಿಂಟ್ ಕೂಡ ಬಿಗಿಯಾಗಿತ್ತು. ಕಂಪನಿ ಬುಷ್ ಎರಡು ತಗೊಂಡು ಹಾಸನದ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಸಾಬ್ರು ಮೊದಲು ಕೇಳಿದ್ದು, "ಹಳೇ ಬುಷ್ ಯಾವ ಕಡೆ ಮುಖ ಮಾಡಿತ್ತು, ಗುರುತು ಹಾಕಿದೀರಾ ಗೌಡ್ರೇ?" ಹಾಕಿರಲಿಲ್ಲ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ, ಅದು ಯಾವ ಕಡೆ ಬರಬೇಕೋ ಅಲ್ಲೇ ಬರಬೇಕಂತೆ. ಅವರೇ ಹಳೇ ಬುಷ್ ನೋಡಿ ಬಿಳಿ ಪೇಂಟಲ್ಲಿ ಗೆರೆ ಎಳೆದು, ಹೊಸದನ್ನು ಅದೇ ಗೆರೆಗೆ ಕೂರಿಸಿ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಮೆಲ್ಲಗೆ ಒತ್ತಿದರು. ಒಂದು ಸುತ್ತಿಗೆ ಏಟೂ ಇಲ್ಲ. ನೀವು ಹೋದ ಕಡೆ ಪ್ರೆಸ್ ಇಲ್ಲದೆ ಹಳೇ ಬೇರಿಂಗ್ ಇಟ್ಟು ಸುತ್ತಿಗೆಯಲ್ಲಿ ಬಡಿದರೆ, ಬುಷ್ ಎತ್ತಿಕೊಂಡು ಮನೆಗೆ ಬನ್ನಿ. ಹೊರಗಿನ ಕೊಳವೆ ಸೊಟ್ಟಗಾದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ಬಿಗಿಯುವ ಮೊದಲು ಈ ಸಲ ನಾನೇ ಟೇಪ್ ಹಿಡಿದೆ. ಗಾಡಿ ಬಿಚ್ಚುವ ಮೊದಲೇ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳೆದು ಬರೆದಿಟ್ಟಿದ್ದೆ, 19.5 ಇಂಚು. ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಆರ್ಮ್ ಕೆಳಗೆ ಜಾಕ್ ಕೊಟ್ಟು, ಅಳತೆ ಅದೇ 19.5ಕ್ಕೆ ಬರುವವರೆಗೂ ಎತ್ತಿಸಿ ಆಮೇಲೆ ಬಿಗಿಸಿದೆ. ನಮ್ಮೂರ ಮೆಕ್ಯಾನಿಕ್ ಮೊದಲು ನಕ್ಕರು. ಈಗ ಎಲ್ಲರ ಗಾಡಿಗೂ ಹೀಗೇ ಮಾಡುತ್ತಾರೆ. ಕಲಿಸಿದ್ದು ಯಾರು ಅಂತ ಮಾತ್ರ ಹೇಳುವುದಿಲ್ಲ ಅನ್ನಿ.

ಬುಷ್ ಈಗಲೂ ಗಟ್ಟಿ ಇವೆ. ಆದರೆ ಒಂದೂವರೆ ವರ್ಷಕ್ಕೆ ಬಾಲ್ ಜಾಯಿಂಟ್ ಲೂಸಾಯಿತು. ಅದು ಗಾಡಿಯ ಜೊತೆಗೇ ಬಂದದ್ದು, ವಯಸ್ಸಾಗಿತ್ತು. ಮತ್ತೆ ಬಿಚ್ಚುವುದು, ಮತ್ತೆ ಕೂಲಿ, ಮತ್ತೆ ಅಲೈನ್‌ಮೆಂಟ್. ಆ ಎರಡನೇ ಖರ್ಚು ಸೇರಿಸಿದರೆ 28 ಇದ್ದದ್ದು 60 ದಾಟುತ್ತೆ. ಆದರೂ 100 ಆಗಲಿಲ್ಲ, ಅಲ್ವಾ.

ಹಾಗಾದರೆ ಹೊರಗಿನ ಆರ್ಮ್‌ಗೆ ಅನ್ಯಾಯ ಮಾಡಿದೆನೋ ಅನ್ನುವ ಪ್ರಶ್ನೆ ಉಳಿದಿತ್ತು. 2023ರಲ್ಲಿ ನನ್ನ ಭಾವಮೈದನ ಗಾಡಿಗೂ ಅದೇ ರೋಗ ಬಂತು. ಅವನದ್ದೂ ಇದೇ ಪಿಕಪ್, ಮೂಡಿಗೆರೆ ಕಡೆ ಓಡುತ್ತೆ. "ಬೇಡ ಭಾವ, ನೀವೇ ಬೈದಿದ್ರಲ್ಲ" ಅಂದ. ಒಪ್ಪಿಸಿ, ಅದೇ ಅಂಗಡಿಯಿಂದ ಅದೇ ಹೆಸರಿನ ಆರ್ಮ್ ತರಿಸಿ, ಟೇಪ್ ಹಿಡಿದು ಬಿಗಿಸಿದೆ. 26,000 ಕಿಲೋಮೀಟರ್ ಆದಮೇಲೆ ಕಬ್ಬಿಣದ ರಾಡ್ ಹಾಕಿ ಮೀಟಿ ನೋಡಿದೆವು. ಬುಷ್‌ನಲ್ಲಿ ಸಣ್ಣ ಬಿರುಕೂ ಇಲ್ಲ. ಆದರೆ ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿ ಸೀಳಿ, ಗ್ರೀಸ್ ಹೊರಗೆ ಬಂದು, ಒಳಗೆ ಕೆಂಪು ಮಣ್ಣು ಸೇರಿತ್ತು. ಅಗ್ಗದ ಮಾಲು ಅಗ್ಗ ಅಂತ ತೋರಿಸಿಕೊಂಡದ್ದು ಅಲ್ಲಿ, ನಾನು ಬೈದಿದ್ದ ಜಾಗದಲ್ಲಿ ಅಲ್ಲ.

ಬಾಲ್ ಜಾಯಿಂಟ್ ನೋಡುವ ವಿಧಾನವನ್ನೂ ಹೇಳಿಬಿಡುತ್ತೇನೆ. ಜಾಕನ್ನು ಚಾಸಿಗೆ ಕೊಡಬೇಡಿ, ಲೋಯರ್ ಆರ್ಮ್ ಕೆಳಗೇ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ತಳ್ಳಿ ಜಾಯಿಂಟ್ ಬಿಗಿಯಾಗೇ ಕಾಣುತ್ತೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಅದು ಹೆಚ್ಚಾಗಿ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಅಲ್ಲಾಡಿಸಿದರೆ ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟು ನೋಡಬಹುದು.

ರಬ್ಬರ್ ಬದಲಿಗೆ ಹಾಕುವ ಗಟ್ಟಿ ಪಾಲಿಯುರೆಥೇನ್ ಬುಷ್ ಬಗ್ಗೆ ಸ್ವಂತ ಅನುಭವ ಕಮ್ಮಿ. ಪಕ್ಕದ ಎಸ್ಟೇಟಿನವರು ಹಾಕಿಸಿದ ಗಾಡಿಯನ್ನು ಒಂದು ದಿನ ಓಡಿಸಿದ್ದೇನೆ. ಘಾಟಿಯಲ್ಲಿ ಸ್ಟೀರಿಂಗ್ ಹೇಳಿದ ಮಾತು ಕೇಳುತ್ತೆ, ತೋಟದ ಕಲ್ಲುದಾರಿಯಲ್ಲಿ ಒಂದೊಂದು ಕಲ್ಲೂ ಸೊಂಟಕ್ಕೆ ಬಂದು ಹೇಳಿಹೋಗುತ್ತೆ. ಗ್ರೀಸ್ ಒಣಗಿದಾಗ ಕಿರ್ ಕಿರ್ ಬೇರೆ. ನನಗೆ ಬೇಡ ಅನಿಸಿತು.

ಭಾವಮೈದನ ಗಾಡಿಗೆ ಮುಂದಿನ ತಿಂಗಳು ಬಾಲ್ ಜಾಯಿಂಟ್ ಮಾತ್ರ ಕಂಪನಿಯದ್ದು ತಂದು ಆ ಹೊರಗಿನ ಆರ್ಮ್‌ಗೇ ಹಾಕಿಸುವ ಅಂದಾಜಿದೆ. ಹಾಸನದ ಸಾಬ್ರು ಅಳತೆ ನೋಡಿ ಕೂರುತ್ತೆ ಅಂದಿದ್ದಾರೆ. ಕೂರದಿದ್ದರೆ 100ರದ್ದೇ. ನನ್ನ ಗಾಡಿಯ ಎಡಗಡೆ ಮೇಲಿನ ಆರ್ಮ್ ಈಗ ಸಣ್ಣಗೆ ಸದ್ದು ಶುರುಮಾಡಿದೆ. ಬೋಲ್ಟ್‌ಗೆ ನಿನ್ನೆಯೇ ಎಣ್ಣೆ ಬಿಟ್ಟಿದ್ದೇನೆ.