ಪುನರ್ಪುಳಿ ಕುಪ್ಪಿಗೆ ಲೇಬಲ್: ಹಾಲಿನ ಅಂಟೋ, ಸ್ಟಿಕ್ಕರೋ, ಅಡಿಕೆ ಹಾಳೆ ತುಂಡೋ?

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಇರುವ ದೇಶಗಳಲ್ಲಿ ಕುಪ್ಪಿಗೆ ಲೇಬಲ್ ಮಾಡಿ ಅಂಟಿಸುವುದೂ ಒಂದು ದೊಡ್ಡ ಸಂಭ್ರಮ. ಕೇರಳದಲ್ಲಿ ಪರವಾನಗಿ ಇಲ್ಲದೆ ಅಂಥ ಸಂಭ್ರಮಕ್ಕೆ ಹೊರಟರೆ ಅಬಕಾರಿಯವರು ಅಂಗಳಕ್ಕೆ ಬಂದಾರು. ಹಾಗಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಕುಪ್ಪಿ ಬಿಯರಿನದ್ದು, ಒಳಗಿರುವುದು ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಶರಬತ್ತು. ಗುಜರಿಯಿಂದ 650 ಮಿಲಿಲೀಟರಿನ ಕಂದು ಕುಪ್ಪಿ ತರುವುದಕ್ಕೆ ಕಾರಣ ಇದೆ. ಬೆಳಕು ಬಿದ್ದಷ್ಟೂ ಪುನರ್ಪುಳಿಯ ಕೆಂಪು ಮಂಕಾಗುತ್ತದೆ, ಕಂದು ಗಾಜು ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಬಿಯರಿನವರಿಗೂ ಬೆಳಕಿನದ್ದೇ ಹೆದರಿಕೆ.

ಆದರೆ ಹಳೆಯ ಲೇಬಲ್ ಇರುವಷ್ಟು ದಿನ ಆ ಕುಪ್ಪಿಗೆ ಮನೆಯೊಳಗೆ ಮರ್ಯಾದೆ ಇಲ್ಲ. "ಇದನ್ನು ಚಾವಡಿಗೆ ತರಬೇಡ ಮಾರಾಯಾ, ಬಂದವರು ಎಂತ ಗ್ರಹಿಸಿಯಾರು?" ಎಂದು ಚಿಕ್ಕಮ್ಮ ಹೇಳಿದ್ದು ಸುಮ್ಮನೆ ಅಲ್ಲ. ಕಾಗದದ ಲೇಬಲ್ ಆದರೆ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ರಾತ್ರಿ ಮುಳುಗಿಸಿಟ್ಟರೆ ಸಾಕು, ಬೆಳಿಗ್ಗೆ ಅದಾಗಿಯೇ ನೀರಿನಲ್ಲಿ ತೇಲುತ್ತಿರುತ್ತದೆ. ಪ್ಲಾಸ್ಟಿಕ್ ಸ್ಟಿಕ್ಕರ್ ಇದ್ದರೆ ಸೋಡಾ ಕೆಲಸ ಮಾಡುವುದಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ ಒಂದು ಮೂಲೆಯಿಂದ ಎಳೆಯಬೇಕು, ಉಳಿದ ಅಂಟಿಗೆ ತೆಂಗಿನೆಣ್ಣೆಯನ್ನೂ ಅಡುಗೆ ಸೋಡಾಪುಡಿಯನ್ನೂ ಕಲಸಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜಬೇಕು. ಈ ಕೆಲಸ ಮಾಡಿದವರಿಗೆ, ಲೇಬಲ್ ಅಂದರೆ ಅಂಟಿಕೊಳ್ಳುವಷ್ಟೇ ಚೆಂದವಾಗಿ ಬಿಟ್ಟುಕೊಡಲೂಬೇಕು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಬರೆದ ತೀರ್ಪೆಲ್ಲ ಈ ಅಳತೆಗೋಲಿನದ್ದೇ: ಫ್ರಿಜ್ಜಿನಿಂದ ತೆಗೆದಾಗ ಬೆವರುವ ಕುಪ್ಪಿಯ ಮೇಲೆ ನಿಲ್ಲುತ್ತದೋ, ಆಟಿ ತಿಂಗಳ ಮಳೆಯಲ್ಲಿ ಉಗ್ರಾಣದ ತೇವಕ್ಕೆ ಬೂಸು ಹಿಡಿಯುತ್ತದೋ, ಬರುವ ಮೇ ತಿಂಗಳಲ್ಲಿ ಕುಪ್ಪಿ ಮತ್ತೆ ತುಂಬುವಾಗ ಜಗಳ ಮಾಡದೆ ಹೋಗುತ್ತದೋ.

ಮೊದಲು ಪ್ರಿಂಟ್. ಮನೆಯಲ್ಲಿರುವ ಇಂಕ್‌ಜೆಟ್‌ನಲ್ಲಿ ಬಣ್ಣ ಚೆಂದ ಬರುತ್ತದೆ, ಪುನರ್ಪುಳಿಯ ಚಿತ್ರವಂತೂ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹಾಗೆ. ಆದರೆ ಸಾಮಾನ್ಯ ಇಂಕ್‌ಜೆಟ್‌ನ ಬಣ್ಣದ ಶಾಯಿ ನೀರಿನಲ್ಲಿ ಕರಗುವಂಥದ್ದು. ಕುಪ್ಪಿ ಬೆವರಿದ ಕೂಡಲೇ ಕೆಂಪು ಕೆಳಗಿಳಿದು ಕೈಗೂ ಮೇಜಿನ ಬಟ್ಟೆಗೂ ಹತ್ತುತ್ತದೆ. ನೀರಿನಲ್ಲಿ ಕರಗದ ಬಣ್ಣದ ಪುಡಿ ಇರುವ ಪಿಗ್ಮೆಂಟ್ ಶಾಯಿಯ ಪ್ರಿಂಟರ್ ಆದರೆ ಇಷ್ಟು ಅವಸ್ಥೆ ಇಲ್ಲ. ಮೇಲಿನಿಂದ ಪಾರದರ್ಶಕ ಟೇಪ್ ಹಾಕಿದರೆ ಅಂಚಿನಿಂದ ನೀರು ನುಗ್ಗಿ ಒಳಗೇ ಕಲೆ ಮಾಡುತ್ತದೆ. ಪಾರದರ್ಶಕ ವಾರ್ನಿಷ್ ಸ್ಪ್ರೇ ಸ್ವಲ್ಪ ತಡೆಯುತ್ತದಾದರೂ ತಿನ್ನುವ ವಸ್ತುವಿನ ಹತ್ತಿರ ಆ ವಾಸನೆ ನನಗೆ ಹಿಡಿಸಲಿಲ್ಲ.

ಲೇಸರ್ ಪ್ರಿಂಟಿನ ಕಥೆಯೇ ಬೇರೆ. ಟೋನರ್ ಎಂದರೆ ಪ್ಲಾಸ್ಟಿಕ್ ಅಂಶದ ನುಣುಪಾದ ಪುಡಿ, ಅದು ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ನೀರು ತಾಗಿ ಕಾಗದ ಮೆತ್ತಗಾದರೂ ಅಕ್ಷರ ಅಲ್ಲಾಡುವುದಿಲ್ಲ. ಕಪ್ಪು ಬಿಳುಪಿನ ಲೇಸರ್ ಪ್ರಿಂಟು ಬಣ್ಣದ ಇಂಕ್‌ಜೆಟ್‌ಗಿಂತ ಮೇಲು, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬಣ್ಣ ಬೇಕೇ ಬೇಕಾದರೆ ತಿಳಿ ಗುಲಾಬಿ ಕಾಗದದ ಮೇಲೆ ಕಪ್ಪು ಅಚ್ಚು ಹಾಕಿಸಿ. ಲೇಬಲ್ 9 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರ ಇಟ್ಟುಕೊಂಡರೆ ಒಂದು ಎ4 ಕಾಗದದಲ್ಲಿ 8 ಬರುತ್ತವೆ.

ಲೇಸರ್‌ಗೆ ಪೇಟೆಯ ಡಿಟಿಪಿ ಅಂಗಡಿಯೇ ಗತಿ, ಅಲ್ಲಿ ಗಡಿನಾಡಿನವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಕಂಪ್ಯೂಟರಿನಲ್ಲಿ ಮಲಯಾಳ ಫಾಂಟ್ ಬೇಕಾದಷ್ಟು, ಕನ್ನಡ ಎಲ್ಲೋ ಒಂದು. ನಾನು ಕೊಟ್ಟ ವರ್ಡ್ ಫೈಲ್ ತೆರೆದ ಹುಡುಗ, "ಅಣ್ಣಾ, ಅಕ್ಷರ ಒಡೆದು ಬರ್ತದಲ್ಲಾ, ಇದು ಹೀಗೆಯಾ ಇರುವುದು?" ಎಂದ. ನೋಡಿದರೆ 'ಪುನರ್ಪುಳಿ'ಯ ಅರ್ಕಾವೊತ್ತು ಮಾಯವಾಗಿ ಮಧ್ಯೆ ಅರ್ಧ ರಕಾರ ನಿಂತಿತ್ತು. ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲಾರದ ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಇದು ಮಾಮೂಲು, ನುಡಿ ಫಾಂಟಿನ ಹಳೆಯ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳ ಸಾಲಾಗುವುದೂ ಅಷ್ಟೇ ಮಾಮೂಲು. ಫಾಂಟ್ ಒಳಗೆ ಸೇರಿರುವ ಪಿಡಿಎಫ್ ಮಾಡಿ ಒಯ್ದರೆ ತಕರಾರಿಲ್ಲ. ಅದು ಕಷ್ಟವಾದರೆ 300 ಡಿಪಿಐ ಚಿತ್ರವಾಗಿ ಉಳಿಸಿ. ಕೆಳಗೊಂದು ಸಾಲು ಮಲಯಾಳದಲ್ಲಿಯೂ ಹಾಕಿಸಿ, ಕುಪ್ಪಿ ಪಕ್ಕದ ಮನೆಗೆ ಹೋಗುವಾಗ ಉಪಯೋಗಕ್ಕೆ ಬರುತ್ತದೆ.

ಇನ್ನು ಅಂಟು. ಮೈದಾ ಗಂಜಿ ನಮ್ಮಲ್ಲಿ ಗೋಡೆ ಪೋಸ್ಟರಿಗೆ ಒಪ್ಪಿದ ಅಂಟು, ಉಗ್ರಾಣಕ್ಕಲ್ಲ. ಜಿರಳೆಗಳು ಲೇಬಲಿನ ಅಂಚು ಕೆರೆದು ತಿನ್ನುತ್ತವೆ, ಮಳೆ ಹಿಡಿದರೆ ಬೂಸು ಬೇರೆ. ಫೆವಿಕಾಲ್ ಗಟ್ಟಿಯೇನೋ ಹೌದು, ಆದರೆ ದಪ್ಪ ಹಚ್ಚಿದರೆ ಕಾಗದ ನಿರಿಗೆ ಕಟ್ಟುತ್ತದೆ, ತೆಗೆಯುವಾಗ ಬಿಳಿ ಪೊರೆ ಉಳಿಯುತ್ತದೆ. ಶಾಲೆಯ ಮಕ್ಕಳ ಗ್ಲೂ ಸ್ಟಿಕ್ ಹಚ್ಚಲು ಸುಲಭ, ತೊಳೆಯಲು ಇನ್ನೂ ಸುಲಭ, ತಂಪು ಕುಪ್ಪಿಯ ಮೇಲೆ ಮಾತ್ರ ಮೂಲೆ ಏಳುತ್ತದೆ.

ಹಾಲು ಇವೆಲ್ಲಕ್ಕಿಂತ ಮುಂದೆ. ಮನೆ ಬಿಯರಿನವರಲ್ಲಿ ಬಹಳ ಚಾಲ್ತಿಯಲ್ಲಿರುವ ಉಪಾಯ ಇದು. ಲೇಬಲಿನ ಹಿಂಬದಿಗೆ ಕುಂಚದಿಂದ ತೆಳ್ಳಗೆ ಹಾಲು ಸವರಿ, ಕಾಗದ ಹೀರಿಕೊಳ್ಳುವ ತನಕ ಕಾದು, ಒಣಗಿದ ಕುಪ್ಪಿಗೆ ಒತ್ತಿ, ಹೊರಗೆ ಬಂದ ಹಾಲನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಒಣಗಿದ ಮೇಲೆ ಕಾಗದ ಗಾಜಿಗೆ ಎಷ್ಟು ಸಪಾಟಾಗಿ ಕೂರುತ್ತದೆಂದರೆ ಅಚ್ಚು ಹಾಕಿದ ಹಾಗೆಯೇ ಕಾಣುತ್ತದೆ. ಇದರ ಗುಟ್ಟು ಹಾಲಿನ ಕೇಸಿನ್ ಎಂಬ ಪ್ರೊಟೀನು. ಬಿಯರ್ ಕಾರ್ಖಾನೆಗಳು ಕೇಸಿನ್‌ನಿಂದಲೇ ಮಾಡಿದ ಅಂಟನ್ನು ಬಹುಕಾಲದಿಂದ ಬಳಸುತ್ತ ಬಂದಿವೆ: ಮಂಜುಗಡ್ಡೆಯ ನೀರಿನಲ್ಲಿಟ್ಟರೂ ಜಾರಬಾರದು, ಕುಪ್ಪಿ ಮರಳಿ ಬಂದು ಕಾಸ್ಟಿಕ್ ಸೋಡಾದ ಬಿಸಿನೀರಿಗೆ ಬಿದ್ದಾಗ ಬಿಡಬೇಕು. ಗುಜರಿ ಕುಪ್ಪಿಯ ಕಾಗದ ಸೋಡಾಕ್ಕೆ ಅಷ್ಟು ಸಲೀಸಾಗಿ ಬಿಡುವುದೂ ಇಂಥ ಅಂಟಿನಿಂದಲೇ. ನಮ್ಮ ಕೊಟ್ಟಿಗೆಯ ಬರೀ ಹಾಲಿಗೆ ಕಾರ್ಖಾನೆ ಅಂಟಿನ ಅಷ್ಟು ತಾಕತ್ತಿಲ್ಲ. ಫ್ರಿಜ್ಜಿನೊಳಗೆ ಸುಮ್ಮನೆ ನಿಂತರೆ ತೊಂದರೆಯಿಲ್ಲ, ಬೆವರಿದ ಕುಪ್ಪಿಯನ್ನು ಒದ್ದೆ ಕೈಯಲ್ಲಿ ಹಿಡಿದು ಊಟದ ಹಂತಿಯಲ್ಲಿ ಬಡಿಸುತ್ತ ಹೋದರೆ ಲೇಬಲ್ ಜಾರುತ್ತದೆ. ಹಾಲಿಗೆ ಇರುವೆ ಬಂದೀತೆಂಬ ಹೆದರಿಕೆ ನನಗೂ ಇತ್ತು. ಚೆನ್ನಾಗಿ ಒರಸಿದರೆ ಇರುವೆಯೂ ಇಲ್ಲ, ವಾಸನೆಯೂ ಇಲ್ಲ. ಹೊಳಪಿನ ದಪ್ಪ ಕಾಗದ ಹಾಲು ಹೀರುವುದಿಲ್ಲ, ಜೆರಾಕ್ಸ್ ಕಾಗದವೇ ಆಗಬೇಕು.

ಸ್ಟಿಕ್ಕರಿನಲ್ಲಿ ಎರಡು ಜಾತಿ. ಕಾಗದದ ಸ್ಟಿಕ್ಕರ್ ಹಾಳೆಗೆ ಹಣ ಕೊಟ್ಟದ್ದು ದಂಡ ಎಂದೇ ನನ್ನ ಅಭಿಪ್ರಾಯ: ನೀರಿಗೆ ಕಾಗದದ ಹಾಗೆ ಹರಿಯುತ್ತದೆ, ಕೀಳುವಾಗ ಪ್ಲಾಸ್ಟಿಕ್ಕಿನ ಹಾಗೆ ಸತಾಯಿಸುತ್ತದೆ. ವಿನೈಲ್ ಸ್ಟಿಕ್ಕರ್ ನಿಜಕ್ಕೂ ಗಟ್ಟಿ, ಐಸ್ ಬಕೆಟ್‌ನಲ್ಲಿ ಮುಳುಗಿಸಿದರೂ ಹಂದುವುದಿಲ್ಲ. ಕುಪ್ಪಿ ಮರಳಿ ಬಾರದ ಕಡೆಗೆ, ಅಂದರೆ ಬೆಂಗಳೂರಿನ ನೆಂಟರಿಗೆ, ಮದುವೆಯ ಉಡುಗೊರೆಗೆ ಅದೇ ಸರಿ. ಮಾರುವವರಿಗೂ ಅದೇ. ಆದರೆ ಮಾರಾಟ ಎಂದ ಮೇಲೆ ಚೆಂದದ ಮಾತು ಹಿಂದಾಗುತ್ತದೆ: ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐಯ 14 ಅಂಕೆಯ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಏನೇನು ಹಾಕಿದೆ, ಎಷ್ಟಿದೆ, ಯಾವಾಗ ಮಾಡಿದ್ದು ಎಲ್ಲವೂ ಕಾಣಬೇಕು. ಫೋನಿನಿಂದ ಒತ್ತಿದರೆ ಶಾಯಿ ಇಲ್ಲದೆ ಲೇಬಲ್ ಕೊಡುವ ಪುಟ್ಟ ಥರ್ಮಲ್ ಪ್ರಿಂಟರ್ ಮಜಾ ಇದೆ, ಆದರೆ ಬಿಸಿಲಿಗೂ ಎಣ್ಣೆ ಕೈಗೂ ಅಕ್ಷರ ಮಾಸುತ್ತದೆ. ಒಂದು ವರ್ಷ ಇಡುವ ಶರಬತ್ತಿಗೆ ಅಲ್ಲ.

ಅಂಟೇ ಬೇಡ ಎನ್ನುವವರಿಗೆ ತೋಟದಲ್ಲೇ ಬಿದ್ದಿರುವ ಅಡಿಕೆ ಹಾಳೆ ಇದೆ. ಒದ್ದೆ ಮಾಡಿ, ಭಾರ ಇಟ್ಟು ಸಪಾಟು ಮಾಡಿ ಒಣಗಿಸಿದ ಹಾಳೆಯನ್ನು ಕತ್ತರಿಸಿ, ತೂತು ಕೊರೆದು, ಬಾಳೆ ನಾರಿನಿಂದ ಕುಪ್ಪಿಯ ಕುತ್ತಿಗೆಗೆ ಕಟ್ಟುವುದು. ಮಾಸದ ಮಾರ್ಕರಿನಲ್ಲಿ ಒಳಬದಿಗೆ ಬರೆದರೆ ಅಕ್ಷರ ಹರಡುವುದಿಲ್ಲ. ನೋಡಿದವರೆಲ್ಲ ಹೊಗಳುತ್ತಾರೆ. ಜೂನ್ ದಾಟಿದರೆ ಮಾತ್ರ ಹಾಳೆಗೆ ಹಸಿರು ಬೂಸು ಬರುತ್ತದೆ, ಅದು ಬೇಸಿಗೆಯ ಆಟ. ವಿಷುವಿಗೆ ಬಂದವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ.

ಮನೆಯಲ್ಲೇ ಖರ್ಚಾಗುವ ಕುಪ್ಪಿಗಳಿಗೆ ನಾನು ಈಗ ಇದ್ಯಾವುದನ್ನೂ ಮಾಡುವುದಿಲ್ಲ. ಎಷ್ಟೋ ಬಿಯರ್ ಹವ್ಯಾಸಿಗಳು ಬರೀ ಮುಚ್ಚಳದ ಮೇಲೆ ಒಂದು ಗುರುತು ಬರೆದು ಮುಗಿಸುವಂತೆ, ಬಿರಡೆಯ ಮೇಲೆ ಮಾರ್ಕರಿನಲ್ಲಿ ಇಸವಿ, ಸಕ್ಕರೆ ಹಾಕಿದ್ದಕ್ಕೆ 'ಸ', ಉಪ್ಪಿನದ್ದಕ್ಕೆ 'ಉ'. ಮಧುಮೇಹದ ಮಾವನವರಿಗೆ ಕೊಡುವ ಕುಪ್ಪಿಗೆ ಮಾತ್ರ ಹಾಲು ಹಚ್ಚಿದ ಲೇಬಲ್ಲೂ ಇರುತ್ತದೆ, ದೊಡ್ಡ ಅಕ್ಷರದಲ್ಲಿ.