ಮಿಲ್ಲು, ಗಾಣ, ಟೈಲರ್, ಮಿಕ್ಸಿ ರಿಪೇರಿ: ನಮ್ಮ ಏರಿಯಾ ಅಂಗಡಿಗಳ ಬಗ್ಗೆ ಸ್ವಲ್ಪ ಹೊಗಳಿಕೆ, ಸ್ವಲ್ಪ ಬೈಗುಳ

ನಾವಿರೋದು ಮೈಸೂರು, ಕುವೆಂಪುನಗರದ ಕಡೆ, ಏಳೆಂಟು ವರ್ಷ ಆಯ್ತು. ಫೋನಿಗೆ, ಫ್ರಿಜ್ಜಿಗೆ ಎಲ್ರೂ ರಿವ್ಯೂ ಬರೀತಾರೆ, ರಾಗಿ ಬೀಸೋ ಮಿಲ್ಲಿಗೆ ಯಾರೂ ಬರೆಯಲ್ಲ, ಅದಕ್ಕೆ ನಾನೇ ಕೂತೆ. ಅಂಗಡಿ ಹೆಸರು ಹಾಕಲ್ಲ, ಬೈಯೋದೂ ಇದೆ ಇದ್ರಲ್ಲಿ, ದಿನಾ ಮುಖ ನೋಡ್ಬೇಕಾದೋರು. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಏನಂದ್ರೆ ಎದುರಿಗೆ ನಿಂತು ಮಾಡ್ಸೋ ಕೆಲ್ಸ ಸಾಮಾನ್ಯವಾಗಿ ಚೆನ್ನಾಗೇ ಆಗುತ್ತೆ, "ಬಿಟ್ಟೋಗಿ, ಸಂಜೆ ಬನ್ನಿ" ಅಂದಲ್ಲೇ ತಲೆನೋವು ಶುರು.

ಮಿಲ್ಲಿಗೆ ಕಣ್ಮುಚ್ಕೊಂಡು ಹೋಗಬಹುದು. ಮೆಣಸಿನಕಾಯಿ ಧನಿಯಾಗೆ ಬೇರೆ ಮಿಷನ್ನು, ಹಿಟ್ಟಿಗೆ ಬೇರೆ, ಇದು ದೊಡ್ಡ ವಿಷ್ಯ, ಯಾಕಂದ್ರೆ ಮುಂಚೆ ಹೋಗ್ತಿದ್ದ ಕಡೆ ಎಲ್ಲಾ ಒಂದ್ರಲ್ಲೇ ಬೀಸಿ ಅಕ್ಕಿ ರೊಟ್ಟಿ ಸಾಂಬಾರ್ ಪುಡಿ ವಾಸ್ನೆ ಹೊಡೀತಿತ್ತು. ಇಲ್ಲಿ ಯಜಮಾನ್ರು ರಾಗಿ ಸುರಿಯೋಕ್ ಮುಂಚೆ "ಮುದ್ದೆಗಾ, ರೊಟ್ಟಿಗಾ" ಅಂತ ಕೇಳ್ತಾರೆ, ಆಮೇಲೆ ಬಟ್ಟೆ ಚೀಲದ ಬಾಯಿಂದ ಬೀಳೋ ಹಿಟ್ಟನ್ನ ಎರಡು ಬೆರಳ ಮಧ್ಯೆ ಉಜ್ಜಿ ನೋಡಿ ಪಕ್ಕದ ಚಕ್ರ ಒಂಚೂರು ತಿರುಗಿಸ್ತಾರೆ, ಮತ್ತೆ ಉಜ್ಜಿ ನೋಡ್ತಾರೆ. ಆ ಪ್ಯಾಕೆಟ್ ಹಿಟ್ಟು ಯಾವ್ದೂ ನಂಗೆ ಇದರ ಹತ್ರ ಬರಲ್ಲ. ಒಂದೇ ದೂರು, ಹಿಂದಿನೋರ ಗೋಧಿ ಮಿಷನ್ನಲ್ಲಿ ಉಳಿದಿರುತ್ತೆ, ಮೊದಲು ಬಿದ್ದ ಹಿಟ್ಟು ತೆಗ್ದಿಡಿ ಅಂತ ನಾವೇ ಹೇಳ್ಬೇಕು. ಗೋಧಿ ಆಗದೇ ಇರೋರು ಮನೇಲಿದ್ರೆ ತೆಗ್ದಿಟ್ರೂ ಸಾಲಲ್ಲ, ಇಲ್ಲಿ ಬೀಸಿಸಲೇಬೇಡಿ. ಮತ್ತೆ ಹಿಟ್ಟು ಬಿಸಿ ಇರುತ್ತೆ, ಪೇಪರ್ ಮೇಲೆ ಹರಡಿ ಆರಿದ್ಮೇಲೆ ಡಬ್ಬಕ್ಕೆ ಹಾಕಿ.

ಗಾಣದ ಎಣ್ಣೆ ಅಂಗಡಿ ಪರವಾಗಿಲ್ಲ. ಕಡ್ಲೆಕಾಯಿ ಎಣ್ಣೆ ಒಂದು ಲೀಟರ್ ಬರ್ಬೇಕು ಅಂದ್ರೆ ಸುಮಾರು ಎರಡೂವರೆ ಕೇಜಿ ಬೀಜ ಬೇಕು, ಸೋ ಬೀಜದ ರೇಟು ಗೊತ್ತಿದ್ರೆ ಲೆಕ್ಕ ನೀವೇ ಹಾಕ್ಕೊಬಹುದು. ಬೀಜದ ದುಡ್ಡಿಗಿಂತ ಎಷ್ಟೋ ಕಮ್ಮಿಗೆ ಅಸಲಿ ಗಾಣದ ಎಣ್ಣೆ ಕೊಡ್ತೀನಿ ಅನ್ನೋರನ್ನ ನಂಬ್ಬೇಡಿ, ಹಿಂಡಿ ಮಾರಿದ್ರೂ ಅಷ್ಟು ಗಿಟ್ಟಲ್ಲ. ಇವ್ರ ಹತ್ರ ಗಾಣ ತಿರುಗೋದು ಕಾಣುತ್ತೆ, ನಮ್ಮ ಕೊಬ್ರಿ ತಗೊಂಡೋದ್ರೂ ಆಡಿಸಿ ಕೊಡ್ತಾರೆ. ಬೇಜಾರು ಏನಂದ್ರೆ ಬಾಟ್ಲಿ ಮೇಲೆ ಏನೂ ಇರಲ್ಲ. ಪ್ಯಾಕ್ ಮಾಡಿ ಮಾರೋದಾದ್ರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಲೈಸೆನ್ಸ್) ನಂಬರ್ರು, ತಾರೀಖು ಎಲ್ಲಾ ಇರ್ಬೇಕು, ಇಲ್ಲಿ ಬರೀ ಫೋನ್ ನಂಬರ್ ಸ್ಟಿಕ್ಕರ್ರು. ಕೇಳಿದ್ರೆ "ನಿನ್ನೆ ಆಡ್ಸಿದ್ದು ಮೇಡಂ" ಅಂತಾರೆ, ಯಾವತ್ತು ಕೇಳಿದ್ರೂ ನಿನ್ನೆದೇ.

ಯುಪಿಐ ವಿಷ್ಯ ಹೇಳ್ಬಿಡ್ತೀನಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಚಿಕ್ಕ ವ್ಯಾಪಾರಿಗಳಿಗೆ ಟ್ಯಾಕ್ಸ್ ನೋಟಿಸ್ ಬಂತಲ್ಲ, ಆವಾಗ ಈ ಬೀದೀಲೂ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಅಂಟಿಸಿದ್ರು. ವರ್ಷದ ವಹಿವಾಟು ಸರಕು ಮಾರೋರಿಗೆ 40 ಲಕ್ಷ, ಸರ್ವೀಸ್ ಕೊಡೋರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು, ಅದರ ಹತ್ರಕ್ಕೂ ಹೋಗದ ಚಪ್ಲಿ ಹೊಲಿಯೋರು ಕೂಡ ಹೆದರಿಕೊಂಡಿದ್ರು ಪಾಪ. ಭಯ ಅರ್ಥ ಆಗುತ್ತೆ. ಆದ್ರೆ ಕೂಲಿಂಗ್ ಚಾರ್ಜ್ ಅಂತ ಎಂಆರ್‌ಪಿ ಮೇಲೆ ಎರಡು ರೂಪಾಯಿ ಜಾಸ್ತಿ ಕೀಳೋ ಪ್ರಾವಿಷನ್ ಸ್ಟೋರ್‌ನವ್ರ ಮೇಲೆ ನಂಗೇನೂ ಕನಿಕರ ಇಲ್ಲ, ಅದು ಕಾನೂನು ಪ್ರಕಾರನೇ ತಪ್ಪು.

ಇನ್ನು ಟೈಲರ್. ಕೈಕೆಲ್ಸ ಅದ್ಭುತ, ಅಳತೆ ಬ್ಲೌಸ್ ಕೊಟ್ರೆ ಒಂದು ಇಂಚು ಆಚೆ ಈಚೆ ಆಗಲ್ಲ, ಒಳಗೆ ಬಿಡಿಸ್ಕೊಳೋಕೆ ಬಟ್ಟೆನೂ ಬಿಟ್ಟಿರ್ತಾರೆ. ಆದ್ರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಆಷಾಢದಲ್ಲೇ ಕೊಟ್ಟಿದ್ದು, ಹಬ್ಬದ ಹಿಂದಿನ ದಿನ ಫೋನ್ ಮಾಡಿದ್ರೆ "ಆಗೋಯ್ತು ಅಕ್ಕ, ಹುಕ್ಸ್ ಒಂದು ಬಾಕಿ". ಹೋಗಿ ನೋಡ್ತೀನಿ, ಪೀಸು ನಾನು ಕೊಟ್ಟ ಕವರ್‌ನಲ್ಲೇ ಮಡಚಿದ ಮಡಿಕೆ ಬಿಚ್ಚದಂಗಿದೆ, ಮೇಲೆ ಚೀಟಿ ಪಿನ್ ಹೊಡ್ದಿರೋದೂ ಹಂಗೇ ಇದೆ! ಅಲ್ಲಾ, ಆಗಲ್ಲ ಅಂದಿದ್ರೆ ಬೇರೆ ಕಡೆ ಕೊಡ್ತಿದ್ದೆ. ಆಗಲ್ಲ ಅನ್ನೋ ಮಾತು ಮಾತ್ರ ಇವ್ರ ಬಾಯಲ್ಲಿ ಬರಲ್ಲ. ಈಗ್ಲೂ ಅಲ್ಲೇ ಕೊಡ್ತೀನಿ, ಹಬ್ಬ ಮದ್ವೆ ಇಲ್ದೇ ಇರೋ ಟೈಮಲ್ಲಿ.

ಸಿಟ್ಟು ಬಂದಿದ್ದು ಮಿಕ್ಸಿ ರಿಪೇರಿಯಿಂದ. ಮಿಕ್ಸಿ ಕೆಳಗೆ ಕಿಡಿ, ಸುಟ್ಟ ವಾಸ್ನೆ. ದೊಡ್ಡ ಬೋರ್ಡ್ ಹಾಕಿರೋ ಒಂದು ಅಂಗಡೀಲಿ ಬಿಟ್ಟು ಬಂದೆ, ಕಾರ್ಬನ್ ಬ್ರಷ್ (ಮೋಟಾರ್ ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಚಿಕ್ಕ ತುಂಡು) ಚೇಂಜ್, ಸರ್ವೀಸ್ ಅಂತ ದುಡ್ಡು ತಗೊಂಡ್ರು, ಬಿಲ್ ಇಲ್ಲ. ಸ್ವಲ್ಪ ದಿನ ಓಡ್ತು, ಮತ್ತೆ ಅದೇ ವಾಸ್ನೆ. ವಾಪಸ್ ಹೋದ್ರೆ ಆರ್ಮೇಚರ್, ಅಂದ್ರೆ ಮೋಟಾರ್ ಒಳಗೆ ತಿರುಗೋ ಭಾಗನೇ ಹೋಗಿದೆ, ಇದಕ್ಕೆ ದುಡ್ಡು ಹಾಕೋ ಬದ್ಲು ಹೊಸದು ತಗೊಳ್ಳಿ ಅಂದ್ರು. ಪಕ್ಕದ್ಮನೆ ಆಂಟಿ ಹೇಳಿದ್ರು ಅಂತ ಅಗ್ರಹಾರದ ಹತ್ರ ಒಬ್ಬ ವಯಸ್ಸಾದೋರ ಅಂಗಡಿಗೆ ಹೋದೆ, ಬೋರ್ಡೇ ಇಲ್ಲ. ಸ್ಟೂಲ್ ಹಾಕಿ ಕೂರ್ಸಿ ನನ್ನೆದುರಿಗೇ ಬಿಚ್ಚಿದ್ರು. ಹಳೇ ಬ್ರಷ್ಷು ಸವೆದು ಬೆರಳುಗುರಿನಷ್ಟೇ ಉಳಿದಿತ್ತು, ಸ್ಪ್ರಿಂಗ್ ಕಪ್ಪಾಗಿತ್ತು. "ಇದನ್ನ ಯಾರೂ ಬದ್ಲಾಯ್ಸೇ ಇಲ್ಲಮ್ಮ, ಕಂಪ್ನಿದೇ ಇದೆ" ಅಂದು ಎರಡನ್ನೂ ನನ್ನ ಅಂಗೈಗೆ ಹಾಕಿದ್ರು. ಆರ್ಮೇಚರ್‌ಗೆ ಏನೂ ಆಗಿರ್ಲಿಲ್ಲ, ತಾಮ್ರದ ಮೇಲೆ ಕೂತಿದ್ದ ಮಸಿ ಉಜ್ಜಿ ತೆಗ್ದು ಹೊಸ ಬ್ರಷ್ ಹಾಕಿದ್ರು, ಅಷ್ಟೇ. ಕೆಳಗೆ ಕೆಂಪು ಬಟನ್ ಇರುತ್ತೆ, ಲೋಡ್ ಜಾಸ್ತಿ ಆದ್ರೆ ಅದು ಹೊರಗೆ ಬಂದು ಮಿಕ್ಸಿ ನಿಲ್ಲುತ್ತೆ, ಸ್ವಲ್ಪ ಹೊತ್ತು ಬಿಟ್ಟು ಒತ್ತಿ, ಅದಕ್ಕೆಲ್ಲಾ ನನ್ನತ್ರ ಬರ್ಬೇಡಿ ಅಂತ ಬೈದ್ರು ಬೇರೆ. ಜಾರನ್ನ ಮೋಟಾರ್‌ಗೆ ಸೇರಿಸೋ ಕಪ್ಲರ್ ಸವೆದ್ರೆ ಬೇಜಾರ್ ಮಾಡ್ಕೊಬೇಡಿ, ಮೋಟಾರ್ ಉಳೀಲಿ ಅಂತಲೇ ಅದನ್ನ ಮೆತ್ತಗೆ ಮಾಡಿರೋದಂತೆ.

ಮೊದಲನೇ ಅಂಗಡಿಗೆ ಐದಕ್ಕೆ ಸೊನ್ನೆ. ಎರಡನೇದಕ್ಕೆ ನಾಲ್ಕು, ಒಂದು ಯಾಕೆ ಕಟ್ ಅಂದ್ರೆ ಫೋನ್ ಎತ್ತಲ್ಲ, ಮಧ್ಯಾಹ್ನ ಶಟರ್ ಅರ್ಧ ಎಳ್ದು ಮಲಗಿಬಿಡ್ತಾರೆ. ಬೆಳಿಗ್ಗೆ ಹೋಗಿ, ಜಾರ್‌ಗಳನ್ನೂ ತಗೊಂಡೋಗಿ, ಬರೀ ಮಿಕ್ಸಿ ಹೊತ್ಕೊಂಡು ಹೋದ್ರೆ ಹಾಗೇ ವಾಪಸ್ ಕಳಿಸ್ತಾರೆ.